ನಮಗೆ ವಾರಕ್ಕೆ ಎಂಟು ಗಂಟೆ ಬೇಕು: ದಾವಣಗೆರೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ದಾವಣಗೆರೆಯ ಹಳೆಯ ಊರಿನಲ್ಲಿ ಬಾಡಿಗೆ ಮನೆಯಲ್ಲಿರುವ ಗೃಹಿಣಿ. ಹೊಲಿಗೆ ನನ್ನ ಕಸುಬು. ಎರಡು ವರ್ಷದಿಂದ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ್ದೇನೆ. ನನ್ನ ಮಾವನವರಿಗೆ ಎಪ್ಪತ್ತೆಂಟು ವರ್ಷ. ಆರು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಅದರ ಹೆಸರು ಆಲ್ಝೈಮರ್ ಎಂದು ನಮಗೆ ತಿಳಿದದ್ದು ಮೂರು ವರ್ಷದ ಹಿಂದೆ.

ಮಾವನವರು ಇಲ್ಲಿನ ಹತ್ತಿ ಮಿಲ್ಲೊಂದರಲ್ಲಿ ನೂಲುವ ಕೆಲಸ ಮಾಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಮನುಷ್ಯ. ಮಿಲ್ಲು ಮುಚ್ಚಿ ದಶಕಗಳಾದವು. ಆದರೆ ಸಂಜೆ ನಾಲ್ಕು ಗಂಟೆ ಆಯಿತೆಂದರೆ ಅವರಿಗೆ ಎರಡನೇ ಪಾಳಿಗೆ ಹೊತ್ತಾಗುತ್ತದೆ. ಅಡುಗೆಮನೆಗೆ ಬಂದು ಬುತ್ತಿ ಡಬ್ಬಿ ಹುಡುಕುತ್ತಾರೆ. ಸಿಗದಿದ್ದರೆ ಬರೀ ಲೋಟವನ್ನೇ ಚೀಲಕ್ಕೆ ಹಾಕಿಕೊಂಡು, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿ, ಬಾಗಿಲ ಚಿಲಕಕ್ಕೆ ಕೈ ಹಾಕುತ್ತಾರೆ. ಮೊದಮೊದಲು ನಾನು “ಮಿಲ್ಲು ಮುಚ್ಚಿಹೋಗಿದೆ ಮಾವ” ಎನ್ನುತ್ತಿದ್ದೆ. ಒಂದು ದಿನ ಆ ಮಾತು ಕೇಳಿ ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟರು. ಅವರ ಪಾಲಿಗೆ ಆ ಸುದ್ದಿ ಆಗಷ್ಟೇ ಬಂದಿತ್ತು. ಅಂದಿನಿಂದ “ಇವತ್ತು ವಾರದ ರಜೆ ಮಾವ” ಎನ್ನುತ್ತೇನೆ. “ಹೌದಾ?” ಎಂದು ಒಳಗೆ ಬರುತ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಚಿಲಕದ ಸದ್ದು. ಕತ್ತಲಾಗುವವರೆಗೆ ಇದೇ.

ರಜೆಯ ಉಪಾಯವನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಸಂಜೆಯಾಗುತ್ತಿದ್ದಂತೆ ಗಲಿಬಿಲಿ ಹೆಚ್ಚುವುದು ಈ ಕಾಯಿಲೆಯವರಲ್ಲಿ ಸಾಮಾನ್ಯ, ಆಗ ವಾದಕ್ಕಿಳಿಯಬಾರದು ಎಂಬುದೂ ಬಹಳ ತಡವಾಗಿ ತಿಳಿಯಿತು. ಇಷ್ಟನ್ನು ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಆ ಹಿರಿಯ ಜೀವ ಹೊಸ್ತಿಲ ಮೇಲೆ ಕುಳಿತು ಅಳಬೇಕಾಗಿರಲಿಲ್ಲ.

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮ ಮೂರು ವರ್ಷವನ್ನು ತಿಂದುಹಾಕಿತು. ಮಾವನವರು ಒಂದೇ ಮಾತನ್ನು ಐದು ಸಲ ಕೇಳಿದಾಗ ನೆಂಟರು ಆ ಗಾದೆ ಹೇಳಿ ನಕ್ಕರು. ಸಂತೆಗೆ ಹೋದವರು ದಾರಿ ತಪ್ಪಿ ಬಂದಾಗ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದೆವು. ನಾವು ಮೊದಲು ತೋರಿಸಿದ ವೈದ್ಯರೂ “ವಯಸ್ಸಾಯಿತಲ್ಲಮ್ಮ, ಇನ್ನೇನು?” ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು. ಅವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಮರೆವಿನ ಕಾಯಿಲೆಯನ್ನು ವಯಸ್ಸಿನ ಸಹಜ ಗುಣವೆಂದು ಭಾವಿಸುವವರು ಆರೋಗ್ಯ ಕ್ಷೇತ್ರದವರಲ್ಲೇ ಶೇಕಡಾ 62ರಷ್ಟಿದ್ದಾರೆ ಎಂದು 2019ರ ವಿಶ್ವ ಆಲ್ಝೈಮರ್ ವರದಿ ಹೇಳಿತ್ತು.

ಸಹಜವಲ್ಲ ಸ್ವಾಮಿ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಈ ಕಾಯಿಲೆಯ ಬಗ್ಗೆ ಮೊದಲ ಬಾರಿ ವಿವರಿಸಿದ್ದು ಒಬ್ಬ ಹೆಣ್ಣುಮಗಳನ್ನು ಪರೀಕ್ಷಿಸಿ. ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ, ಅರವತ್ತೂ ಆಗಿರಲಿಲ್ಲ. ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ಮಿದುಳಿನಲ್ಲಿ ಸೇರಿಕೊಂಡು ನರಕೋಶಗಳು ಸಾಯುತ್ತಾ ಹೋಗುತ್ತವೆ. ಹೊಸ ನೆನಪನ್ನು ಹಿಡಿದಿಡುವ ಭಾಗಕ್ಕೆ ಮೊದಲ ಪೆಟ್ಟು. ಅದಕ್ಕೇ ಬೆಳಿಗ್ಗೆ ತಿಂದದ್ದು ಮರೆತುಹೋಗುತ್ತದೆ, ಐವತ್ತು ವರ್ಷದ ಹಿಂದಿನ ಪಾಳಿ ನೆನಪಿರುತ್ತದೆ. ಕೈಗೆ ರೂಢಿಯಾದ ಕೆಲಸವಂತೂ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ಮಾವನವರಿಗೆ ಮಗನ ಹೆಸರು ಬಾರದು. ಆದರೆ ಕಂಬಳಿಯ ಅಂಚಿನಲ್ಲಿ ಒಂದು ಎಳೆ ಬಿಚ್ಚಿದ್ದು ಕಂಡರೆ ಸಾಕು, ಕಡಿದ ತುದಿಗಳೆರಡನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಣ್ಣು ಬೇರೆಲ್ಲೋ ಇರುವಾಗಲೇ ಹೊಸೆದು ಕೂಡಿಸುತ್ತಾರೆ. ಆಗ ಅವರ ಮುಖದಲ್ಲಿ ಗಾಬರಿ ಇರುವುದಿಲ್ಲ. ಅದಕ್ಕೆಂದೇ ನನ್ನ ಹೊಲಿಗೆಯ ದಾರದ ತುಂಡುಗಳನ್ನು ಒಂದು ತಟ್ಟೆಯಲ್ಲಿ ಅವರ ಮುಂದಿಡುತ್ತೇನೆ.

ಬೇಗ ಗುರುತಿಸಿದರೆ ಏನು ಲಾಭ ಎಂದು ಕೇಳುವವರಿದ್ದಾರೆ. ಕಾಯಿಲೆಯನ್ನು ವಾಸಿಮಾಡುವ ಮದ್ದು ಇಲ್ಲ ಎಂಬುದು ನಿಜ. ಡೊನೆಪೆಜಿಲ್, ಮೆಮಾಂಟಿನ್‌ನಂಥ ಗುಳಿಗೆಗಳು ಕೆಲವರಿಗೆ ಕೆಲವು ಕಾಲ ಲಕ್ಷಣಗಳನ್ನು ಹತೋಟಿಯಲ್ಲಿಡುತ್ತವೆ, ಅಷ್ಟೇ. ಆದರೆ ಮರೆವೆಲ್ಲ ಆಲ್ಝೈಮರ್ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿರುವುದು, ಇವುಗಳಿಂದ ಬಂದ ಮರೆವಿಗೆ ಚಿಕಿತ್ಸೆಯಿದೆ. ಪರೀಕ್ಷೆ ಮಾಡದೆ ಅರಳುಮರಳು ಎಂದು ಕೈಬಿಟ್ಟರೆ ಗುಣವಾಗಬಹುದಾದ ಅಜ್ಜಿಯೊಬ್ಬಳು ಮೂಲೆ ಹಿಡಿಯುತ್ತಾಳೆ. ಕಾಯಿಲೆ ಆಲ್ಝೈಮರ್ರೇ ಆಗಿದ್ದರೂ, ರೋಗಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ಬ್ಯಾಂಕು, ಆಸ್ತಿ, ಮಕ್ಕಳ ಜವಾಬ್ದಾರಿಯ ಮಾತು ಆಡಿ ಮುಗಿಸಬಹುದು. ನಮಗೆ ಆ ಅವಕಾಶ ಸಿಗಲಿಲ್ಲ.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ಎಲ್ಲ ಬಗೆಯ ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಹೆಚ್ಚಿನ ಪಾಲು ಆಲ್ಝೈಮರ್. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದು ಹೆಚ್ಚು. ಜಗಳೂರು, ಚನ್ನಗಿರಿ, ನ್ಯಾಮತಿಯ ಹಳ್ಳಿಗಳಲ್ಲಿ ಎಷ್ಟು ಅಜ್ಜಿಯರು “ತಲೆ ಕೆಟ್ಟಿದೆ” ಎನಿಸಿಕೊಂಡು ಹಿತ್ತಿಲ ಕೋಣೆಯಲ್ಲಿದ್ದಾರೋ ನೀವೇ ಯೋಚಿಸಿ.

ಈಗ ನನ್ನ ವಿಷಯ. ಬರೆಯಲು ಕಷ್ಟವಾಗುತ್ತದೆ, ಆದರೆ ಇದನ್ನು ಮುಚ್ಚಿಟ್ಟರೆ ಪತ್ರ ಬರೆದೂ ಬರೆಯದಂತೆ. ಕಳೆದ ವರ್ಷ ಮಾವನವರು ಸತತ ಮೂರು ರಾತ್ರಿ ಮಲಗಲಿಲ್ಲ, ನನ್ನನ್ನೂ ಮಲಗಗೊಡಲಿಲ್ಲ. ನಾಲ್ಕನೇ ದಿನ ಸ್ನಾನ ಮಾಡಿಸುವಾಗ ನೀರಿನ ಚೊಂಬನ್ನು ಕಿತ್ತುಕೊಂಡು ಎಸೆದರು. ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಶಾಲೆಯ ಹುಡುಗನ ಹಾಗೆ ಗೋಡೆಗೆ ಒತ್ತಿ ನಿಂತರು. ನಾನು ಮದುವೆಯಾಗಿ ಬಂದ ದಿನದಿಂದ “ಏನವ್ವಾ” ಎಂದೇ ಕರೆದು, ಒಂದು ದಿನವೂ ಗದರದ ಮನುಷ್ಯ. ಆ ಸಂಜೆ ನನ್ನನ್ನು ನೋಡಿ “ನೀವು ಯಾರ ಮನೆಯವರು?” ಎಂದು ಕೇಳಿದರು. ಸ್ವಲ್ಪ ಹೊತ್ತಿನ ಹಿಂದೆ ನಡೆದದ್ದು ಅವರಿಗೆ ನೆನಪಿರಲಿಲ್ಲ. ನನಗೆ ಇವತ್ತಿಗೂ ಇದೆ.

ನನ್ನಂಥ ಸೊಸೆಯರು, ಹೆಣ್ಣುಮಕ್ಕಳು, ವಯಸ್ಸಾದ ಹೆಂಡಂದಿರು ಈ ಜಿಲ್ಲೆಯಲ್ಲಿ ಎಷ್ಟಿದ್ದಾರೆಂಬ ಲೆಕ್ಕ ಯಾವ ಕಡತದಲ್ಲಿದೆ? ನಮಗೆ ಸಂಬಳ ಬೇಡ, ಸನ್ಮಾನ ಬೇಡ. ಸೊಸೆ ಅಂದರೆ ಹೀಗಿರಬೇಕು ಎಂಬ ಹೊಗಳಿಕೆಯಂತೂ ಬೇಡವೇ ಬೇಡ. ಆ ಹೊಗಳಿಕೆ ಕೇಳಿದ ಮೇಲೆ “ನನ್ನಿಂದ ಆಗುತ್ತಿಲ್ಲ” ಎಂದು ಬಾಯಿಬಿಡುವುದೇ ಕಷ್ಟವಾಗುತ್ತದೆ. ನಮಗೆ ಬೇಕಾದದ್ದು ಹೊತ್ತು. ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ಗಂಟೆ. ಅಷ್ಟರಲ್ಲಿ ಒಂದು ನಿದ್ದೆ ತೆಗೆಯಬಹುದು, ನಮ್ಮದೇ ಬೆನ್ನುನೋವಿಗೆ ವೈದ್ಯರನ್ನು ಕಾಣಬಹುದು, ಎರಡು ರವಿಕೆ ಹೊಲಿಯಬಹುದು.

ಅದಕ್ಕಾಗಿ ದಾವಣಗೆರೆ ನಗರದಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಒಂದು ಹಗಲು ಆರೈಕೆ ಕೇಂದ್ರ ತೆರೆಯಿರಿ. ಹೊಸ ಕಟ್ಟಡ ಕಟ್ಟಬೇಕಿಲ್ಲ. ನೆಲ ಜಾರದ, ಗೇಟಿಗೆ ಚಿಲಕವಿರುವ, ಒಳಗೆ ಸುತ್ತಾಡಲು ಅಂಗಳವಿರುವ ಹಳೆಯ ಸರ್ಕಾರಿ ಕಟ್ಟಡ ಸಾಕು. ತರಬೇತಿ ಪಡೆದ ನಾಲ್ಕು ಜನ, ವಾರಕ್ಕೊಮ್ಮೆ ಬರುವ ವೈದ್ಯರು. ನಾನು ಒಂದೆರಡು ವೃದ್ಧಾಶ್ರಮಗಳಲ್ಲಿ ಹಗಲು ಹೊತ್ತಿಗಷ್ಟೇ ಬಿಡಲು ಕೇಳಿದ್ದೆ. ಮೂತ್ರದ ಹಿಡಿತವಿಲ್ಲದವರನ್ನು, ಎದ್ದು ಹೊರಟುಬಿಡುವವರನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ಅಂಥವರಿಗೇ ತಾನೇ ಆಸರೆ ಬೇಕಾದದ್ದು? ಒಂದು ಕೇಂದ್ರ ನಡೆಯತೊಡಗಿದರೆ ಆಮೇಲೆ ಹರಿಹರ, ಹೊನ್ನಾಳಿಯವರು ತಾವಾಗಿಯೇ ಕೇಳುತ್ತಾರೆ.

ಎರಡನೆಯದಾಗಿ, ಇದ್ದದ್ದನ್ನು ಜನರಿಗೆ ತಲುಪಿಸಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿ, ಮುಂದೆ ಅದನ್ನು ಜಿಲ್ಲಾ ಆಸ್ಪತ್ರೆಗಳಿಗೂ ವಿಸ್ತರಿಸಿತು. ತಲೆನೋವು, ಪಾರ್ಶ್ವವಾಯು, ಮೂರ್ಛೆರೋಗದ ಜೊತೆ ಡಿಮೆನ್ಶಿಯಾ ಕೂಡ ಅದರ ವ್ಯಾಪ್ತಿಯಲ್ಲಿದೆ. ನಮ್ಮ ಬೀದಿಯಲ್ಲಿ ನಾನು ವಿಚಾರಿಸಿದ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಬಿಪಿ, ಸಕ್ಕರೆ ಕಾಯಿಲೆ ನೋಡಲು ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರು “ಮನೆಯ ಹಿರಿಯರು ದಾರಿ ತಪ್ಪುತ್ತಾರಾ? ಕೇಳಿದ್ದನ್ನೇ ಕೇಳುತ್ತಾರಾ?” ಎಂದು ಎರಡು ಪ್ರಶ್ನೆ ಹೆಚ್ಚಿಗೆ ಕೇಳಲಿ. ಕಿವಿ ಕೇಳಿಸುತ್ತದೆಯೇ ಎಂದೂ ಕೇಳಲಿ. ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ರಕ್ತದೊತ್ತಡ, ಮಧುಮೇಹದ ಜೊತೆ ಕಿವುಡೂ ಅದರಲ್ಲಿದೆ. ಯಂತ್ರಗಳ ಗದ್ದಲದಲ್ಲಿ ಮೂವತ್ತು ವರ್ಷ ಕಳೆದವರು ಈ ಊರಿನಲ್ಲಿ ಕಡಿಮೆಯಿಲ್ಲ. ಮಾವನವರ ಕಿವಿ ಮಂದವಾದಾಗ ನಾವು ಗಟ್ಟಿಯಾಗಿ ಮಾತಾಡಿದೆವೇ ಹೊರತು ಪರೀಕ್ಷೆ ಮಾಡಿಸಲಿಲ್ಲ.

ಹಣದ ಮಾತೂ ಇದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರ, ಸ್ನಾಯುಗಳ ಕಾಯಿಲೆ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನವನ್ನು 2024-25ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾಯಿತು. ಆರೈಕೆ ಮಾಡುವವರನ್ನೂ ಸರ್ಕಾರ ಕಂಡಿತಲ್ಲ ಎಂದು ನನಗೆ ಸಂತೋಷವಾಯಿತು. ಆ ಸಾಲಿನಲ್ಲಿ ಆಲ್ಝೈಮರ್ ಎಂಬ ಪದವನ್ನೂ ಸೇರಿಸಲು ಸಂಪುಟದಲ್ಲಿ ನೀವು ಒಂದು ಮಾತು ಆಡಬೇಕು.

ಪೊಲೀಸರಿಗೂ ಹೇಳಿಸಿ. ಒಮ್ಮೆ ಕಣ್ಣು ತಪ್ಪಿಸಿ ಹೊರಟ ಮಾವನವರು ರಾತ್ರಿ ಹನ್ನೊಂದಕ್ಕೆ ಸಿಕ್ಕಿದರು. ಮಂಡಕ್ಕಿ ಭಟ್ಟಿಯ ಕೆಲಸಗಾರನೊಬ್ಬ ಅವರನ್ನು ಕೂರಿಸಿ, ಒಂದು ಹಿಡಿ ಮಂಡಕ್ಕಿ, ಚಹಾ ಕೊಟ್ಟು ಕಾಯ್ದುಕೊಂಡಿದ್ದ. ಅವನ ಋಣ ದೊಡ್ಡದು. ಅದೇ ರಾತ್ರಿ ಠಾಣೆಯೊಂದರಲ್ಲಿ ನಮಗೆ ಸಿಕ್ಕ ಬುದ್ಧಿಮಾತು “ಇಂಥವರನ್ನು ಬೀಗ ಹಾಕಿ ಇಡಬೇಕಮ್ಮ” ಎಂಬುದು. ಈಗ ಅವರ ಅಂಗಿಗಳ ಕಾಲರಿನ ಒಳಗೆ ಕೆಂಪು ದಾರದಲ್ಲಿ ನಮ್ಮ ಫೋನ್ ನಂಬರು ಹೊಲಿದಿದ್ದೇನೆ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಈ ಎರಡು ಸಂಖ್ಯೆಗಳನ್ನಾದರೂ ಬಸ್ ನಿಲ್ದಾಣ, ಪಡಿತರ ಅಂಗಡಿ, ಠಾಣೆಗಳ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ.

ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ ದಿನ. ಜಾಥಾ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು, ನೀವು ನಡೆಸುವ ಮುಂದಿನ ಕೆಡಿಪಿ (ಜಿಲ್ಲೆಯ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಅಧಿಕಾರಿಗಳಿಗೆ ಎರಡು ಪ್ರಶ್ನೆ ಕೇಳಿ: ಜಿಲ್ಲೆಯಲ್ಲಿ ಮರೆವಿನ ಕಾಯಿಲೆ ಎಂದು ಈ ವರ್ಷ ಎಷ್ಟು ಜನರನ್ನು ಗುರುತಿಸಿದ್ದೀರಿ, ಅವರನ್ನು ನೋಡಿಕೊಳ್ಳುವವರಿಗೆ ಏನು ಮಾಡಿದ್ದೀರಿ? ಉತ್ತರ ನಡಾವಳಿಯಲ್ಲಿ ದಾಖಲಾಗಲಿ.

ಬಿಡುವಾದರೆ ಒಮ್ಮೆ ನಮ್ಮ ಮನೆಗೂ ಬನ್ನಿ. ಸಂಜೆ ನಾಲ್ಕರ ಹೊತ್ತಿಗೆ ಬಂದರೆ ಬಾಗಿಲು ತೆರೆಯುವವರು ಮಾವನವರೇ. ನೀವು ಯಾರೆಂದು ಕೇಳುತ್ತಾರೆ, ಹೇಳಿದ ಮೇಲೂ ಕೇಳುತ್ತಾರೆ. ಪಾಳಿಗೆ ಹೊತ್ತಾಯಿತು ಎಂದು ಹೊರಟರೆ, ಇವತ್ತು ವಾರದ ರಜೆ ಎಂದುಬಿಡಿ.

ಇಂತಿ,
ದಾವಣಗೆರೆಯ ಒಬ್ಬ ಸೊಸೆ