ಕಥೆಗೆ ಅಂಟಿಸಿದ ಬಾಲ

ತೀರ್ಥಹಳ್ಳಿ
ಆಷಾಢ

ಪ್ರೀತಿಯ ಮಗಳೇ, ಆಶೀರ್ವಾದಗಳು.

ಮಕ್ಕಳಿಗಾಗಿ ನೀನು ಬರೆದ ಕಥೆಯ ಹಸ್ತಪ್ರತಿ ತಲುಪಿ ಹದಿನೈದು ದಿನವಾಯಿತು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ್ದರೂ ಮೊದಲ ಎರಡು ಹಾಳೆಗಳು ನೆನೆದಿದ್ದರಿಂದ ಬಚ್ಚಲೊಲೆಯ ಬಳಿ ಒಣಗಿಸಿ ಓದಿದೆ. ಎರಡು ಪತ್ರಿಕೆಗಳು ಹಿಂದಿರುಗಿಸಿದವೆಂದು ಇನ್ನು ಬರೆಯುವುದೇ ಇಲ್ಲವೆಂದಿರುವ ನಿನ್ನ ಸಾಲನ್ನು ನಾನು ಓದಿಲ್ಲವೆಂದೇ ತಿಳಿ. ಚಿತ್ರ ಯಾರಿಂದ ಬರೆಸಬೇಕು, ಎಷ್ಟು ಪುಟವಿರಬೇಕು ಎಂದು ನೀನು ಕೇಳಿರುವುದನ್ನೆಲ್ಲ ಶಿವಮೊಗ್ಗದ ಯಾವ ಮುದ್ರಕರಾದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕರುವನ್ನು ಹುಡುಕುತ್ತ ಹಳ್ಳ ದಾಟಿದ ಹುಡುಗಿ ಕಾಲಿಗೆ ಹತ್ತಿದ ಉಂಬಳವನ್ನು ಕಿತ್ತು ಅಜ್ಜಿಯ ಸುಣ್ಣದ ಡಬ್ಬಿಗೆ ಹಾಕುವುದನ್ನು ಓದಿ ಗಟ್ಟಿಯಾಗಿ ನಕ್ಕೆ. ಅದು ಕಂಡು ಬರೆದದ್ದು. ಆದರೆ ಕರು ಸಿಕ್ಕಿದ ಮೇಲೆ ಜಗಲಿಯಲ್ಲಿ ಕುಳಿತು ಒಂದೂವರೆ ಪುಟ ಉಪದೇಶ ಮಾಡುವ ಆ ಅಜ್ಜ ಯಾರು? ಅಲ್ಲಿಯವರೆಗೆ ಅವನು ಕಥೆಯಲ್ಲಿ ಇರಲೇ ಇಲ್ಲ. ಊರಿನ ಹಿರಿಯರೊಬ್ಬರು ಆ ಭಾಗವನ್ನೇ ಬಹಳ ಮೆಚ್ಚಿದರೆಂದು ತಿಳಿಸಿದ್ದೀಯೆ. ಮೆಚ್ಚದೆ ಏನು? ಅದನ್ನು ನೀನು ಬರೆದದ್ದೇ ಅವರಿಗಾಗಿ.

ಈ ಸಿಟ್ಟು ನಿನ್ನ ಮೇಲಿನದಲ್ಲ. ಬಹಳ ವರ್ಷಗಳ ಹಿಂದೆ, ಪೇರಲೆ ಕದ್ದ ಹುಡುಗನ ನನ್ನ ಕಥೆಯೊಂದನ್ನು ಸಂಕಲನಕ್ಕೆ ಕೇಳಿದವರು, ಅವನಿಗೆ ಕೊನೆಯಲ್ಲಿ ಹೊಟ್ಟೆನೋವು ಬಂದು ತಪ್ಪೊಪ್ಪಿಕೊಳ್ಳಲಿ ಎಂದರು. ಅಚ್ಚಿನಲ್ಲಿ ಹೆಸರು ನೋಡುವ ಆಸೆಗೆ ನಾನು ಒಪ್ಪಿದೆ. ಪುಸ್ತಕ ಬಂದ ದಿನ ನಾಲ್ಕನೇ ತರಗತಿಯಲ್ಲಿ ಓದಲು ಕುಳಿತೆ. ಹೆಂಚಿನ ಮೇಲಿನ ಮಳೆಯ ಸದ್ದಿಗೆ ಏನೂ ಕೇಳಿಸದೆ ಮಕ್ಕಳೆಲ್ಲ ಬೆಂಚು ಬಿಟ್ಟು ನನ್ನ ಮೇಜಿನ ಸುತ್ತ ಸೇರಿದ್ದರು. ಹುಡುಗ ಬೇಲಿ ಹಾರುವವರೆಗೆ ಯಾರೂ ಅಲುಗಲಿಲ್ಲ. ಹೊಟ್ಟೆನೋವು ಶುರುವಾದದ್ದೇ ತಡ, ಒಬ್ಬಳು ಲಂಗದ ಅಂಚಿನ ನೀರು ಹಿಂಡತೊಡಗಿದಳು, ಇನ್ನೊಬ್ಬ ಕಿಟಕಿಯ ಕಡೆ ತಿರುಗಿದ. ಆಮೇಲೆ ಹಿಂದಿನಿಂದ ಒಂದು ದನಿ: “ಮೇಷ್ಟ್ರೇ, ಹೋದ ಸಲ ಹೇಳಿದಾಗ ಅವನಿಗೆ ಹೊಟ್ಟೆನೋವು ಬಂದಿರಲಿಲ್ಲವಲ್ಲ?” ಆ ಪುಸ್ತಕಕ್ಕೆ ನನಗೆ ಶಾಲು ಹೊದಿಸಿದರು. ಆ ಹುಡುಗನಿಗೆ ಮಾತ್ರ ನಾನು ಉತ್ತರ ಕೊಡಲಿಲ್ಲ.

ಪಂಜೆ ಮಂಗೇಶರಾಯರನ್ನು ಮತ್ತೆ ಮತ್ತೆ ನೆನೆಯುವುದು ಈ ಕಾರಣಕ್ಕೇ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮೇಷ್ಟರಾಗಿ, ಶಾಲೆಗಳ ತಪಾಸಣಾಧಿಕಾರಿಯಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದ ಅವರು ಪಠ್ಯಪುಸ್ತಕಗಳನ್ನೂ ಬರೆದವರು. ಉಪದೇಶ ಮಾಡುವ ಅಧಿಕಾರ ನಮ್ಮೆಲ್ಲರಿಗಿಂತ ಅವರಿಗೇ ಹೆಚ್ಚಾಗಿತ್ತು. ಆದರೂ ನಾಗರಹಾವು, ತೆಂಕಣ ಗಾಳಿಗಳ ಮೇಲೆ ಅವರು ಕಟ್ಟಿದ ಪದ್ಯಗಳನ್ನು ಮಕ್ಕಳು ಹಾಡುತ್ತಾರೆಯೇ ಹೊರತು ಒಪ್ಪಿಸುವುದಿಲ್ಲ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅವರ ಕಾವ್ಯನಾಮ ‘ಕವಿಶಿಷ್ಯ’ ಎಂದು. ನನಗೆ ಒಂದು ಶಾಲಿಗೇ ತಲೆ ತಿರುಗಿತ್ತು.

ನಿನ್ನ ಶಾಲೆಯ ಮೂರನೇ ತರಗತಿಗೆ ಈ ಕಥೆಯನ್ನು ಅಜ್ಜನಿಲ್ಲದೆ ಓದಿ ಹೇಳು. ಚೆನ್ನಾಗಿತ್ತೇ ಎಂದು ಕೇಳಬೇಡ. ಮೇಷ್ಟರು ಕೇಳಿದರೆ ಮಕ್ಕಳು ಹೌದೆಂದೇ ಅನ್ನುತ್ತಾರೆ. ಯಾವ ಸಾಲಿಗೆ ಯಾರ ಕಣ್ಣು ಕಿಟಕಿಗೆ ಹೋಯಿತೆಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಆ ಪ್ರತಿಯನ್ನೇ ಕಳುಹಿಸು. ಈ ಸಲ ಎರಡು ಕೊಟ್ಟೆಯಲ್ಲಿ ಸುತ್ತು.

ಇಂತು,
ನಿನ್ನ ಮೇಷ್ಟ್ರು