ತೇಲುವ ತೊಟ್ಟಿ: ದೋಷ ಮನಸ್ಸಿನದಲ್ಲ, ನೀರಿನದು

ಮಾನ್ಯ ಸಂಪಾದಕರೇ,

ಬೆಂಗಳೂರು ಸೇರಿದಂತೆ ದೊಡ್ಡ ನಗರಗಳ ಕೆಲವು ಸ್ಪಾಗಳಲ್ಲಿ ಈಗ ಫ್ಲೋಟ್ ಟ್ಯಾಂಕ್ ಇದೆ. ಕತ್ತಲೆ, ನಿಶ್ಶಬ್ದ, ಮೈಯಷ್ಟೇ ಬೆಚ್ಚಗಿನ ಉಪ್ಪುನೀರು. ಅದರಲ್ಲಿ ಒಂದು ಗಂಟೆ ಅಂಗಾತ ತೇಲುತ್ತ ಮಲಗುವುದು. ಹೋಗಿ ಬಂದವರಲ್ಲಿ ಕೆಲವರು ‘ಹೊತ್ತು ಹೋದದ್ದೇ ಗೊತ್ತಾಗಲಿಲ್ಲ’ ಎನ್ನುತ್ತಾರೆ. ಇನ್ನು ಕೆಲವರು ‘ಚಳಿಯಾಯಿತು, ಕತ್ತು ಹಿಡಿಯಿತು, ಕಣ್ಣು ಉರಿಯಿತು, ನನ್ನ ಮನಸ್ಸೇ ನಿಲ್ಲುವುದಿಲ್ಲ, ನನಗಿದು ಆಗಿಬರಲ್ಲ’ ಎಂದು ಕೈಬಿಡುತ್ತಾರೆ. ಈ ಪತ್ರ ಅವರಿಗಾಗಿ. ಚಳಿ, ಕತ್ತುನೋವು, ಕಣ್ಣುರಿಗೂ ಏಕಾಗ್ರತೆಗೂ ಸಂಬಂಧವಿಲ್ಲ. ಕಾರಣ ತೊಟ್ಟಿಯಲ್ಲಿರುತ್ತದೆ, ನೀರಿನಲ್ಲಿರುತ್ತದೆ, ಇಲ್ಲವೇ ಒಳಗೆ ಇಳಿಯುವ ಮುನ್ನ ಹೇಳಿಕೊಡಬೇಕಾಗಿದ್ದೂ ಹೇಳಿಕೊಡದ ಒಂದು ಸಣ್ಣ ಸಂಗತಿಯಲ್ಲಿರುತ್ತದೆ.

ಮೊದಲು ಉಪ್ಪಿನ ವಿಷಯ. ಇದು ಅಡುಗೆ ಉಪ್ಪಲ್ಲ, ಎಪ್ಸಮ್ ಉಪ್ಪು, ಅಂದರೆ ಮೆಗ್ನೀಷಿಯಂ ಸಲ್ಫೇಟ್. ಅಡಿಕೆ, ಬಾಳೆ ತೋಟದವರಿಗೆ ಗೊಬ್ಬರದಂಗಡಿಯ ಚೀಲದಿಂದ ಪರಿಚಯವಿರುವ ವಸ್ತುವೇ. ತೊಟ್ಟಿಯಲ್ಲಿ ನೀರಿನ ಆಳ 25ರಿಂದ 30 ಸೆಂ.ಮೀ. ಮಾತ್ರ. ಆದರೆ ಸಾವಿರ ಲೀಟರ್ ದ್ರಾವಣಕ್ಕೆ ಹತ್ತಿರ ಹತ್ತಿರ 600 ಕೆ.ಜಿ. ಉಪ್ಪು ಬೇಕು, 50 ಕೆ.ಜಿ.ಯ ಹನ್ನೆರಡು ಚೀಲ. ಹೀಗೆ ಮಾಡಿದಾಗ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ) 1.25ರಿಂದ 1.28ರ ನಡುವೆ ನಿಲ್ಲುತ್ತದೆ. ಮೃತ ಸಮುದ್ರದ ನೀರಿನದು ಸುಮಾರು 1.24. ಮನೆಯ ಇನ್‌ವರ್ಟರ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೋರಿಸುವ ಅಂಕಿಯೂ ಇದರ ಆಸುಪಾಸಿನದೇ. (ಬ್ಯಾಟರಿ ಆಸಿಡ್‌ಗೆ ಅದ್ದಿದ ಅದೇ ಹೈಡ್ರೋಮೀಟರನ್ನು ತೊಟ್ಟಿಗೆ ಮಾತ್ರ ಯಾವ ಕಾರಣಕ್ಕೂ ಅದ್ದಬಾರದು.) ಇಷ್ಟು ಗಟ್ಟಿ ನೀರಿನಲ್ಲಿ ದೇಹದ ಸುಮಾರು ಐದರಲ್ಲೊಂದು ಪಾಲು ಮೇಲೇ ಉಳಿಯುತ್ತದೆ. ಈಜು ಬಾರದವರೂ ಮುಳುಗುವುದಿಲ್ಲ.

ಆದರೆ ಈ ಅಂಕಿ ತಾನಾಗಿ ನಿಲ್ಲುವಂಥದ್ದಲ್ಲ. ಎದ್ದು ಹೋಗುವ ಪ್ರತಿಯೊಬ್ಬರ ಮೈ, ಕೂದಲಿನ ಜೊತೆ ಉಪ್ಪು ಹೊರಗೆ ಹೋಗುತ್ತದೆ. ಒಳಗೆ ಬರುವವರ ಮೈಯಿಂದ ಶವರಿನ ಸಿಹಿನೀರು ಸೇರುತ್ತದೆ. ವಾರಕ್ಕೊಮ್ಮೆಯಾದರೂ ಅಳೆದು ಉಪ್ಪು ಸೇರಿಸದಿದ್ದರೆ ಸಾಂದ್ರತೆ 1.22, 1.20 ಎಂದು ಇಳಿಯುತ್ತ ಹೋಗುತ್ತದೆ. ಗ್ರಾಹಕನಿಗೆ ಅದು ಗೊತ್ತಾಗುವುದು ಹೀಗೆ: ಹಿಮ್ಮಡಿ ಅಥವಾ ಸೊಂಟ ತಳಕ್ಕೆ ತಾಗುತ್ತದೆ, ನೀರಿನ ಅಂಚು ಕಿವಿಯನ್ನು ದಾಟಿ ಕಣ್ಣಿನ ಮೂಲೆಯ ಹತ್ತಿರ ಬರುತ್ತದೆ. ಆಗ ತಲೆಯನ್ನು ಎತ್ತಿ ಹಿಡಿಯಬೇಕೆಂದು ತಾನಾಗಿ ಅನ್ನಿಸುತ್ತದೆ, ಗಂಟೆಯ ಕೊನೆಗೆ ಕತ್ತು ಹಿಡಿಯುತ್ತದೆ.

ಇನ್ನು ನೀರು. ನಗರದ ಬೋರ್‌ವೆಲ್ ನೀರನ್ನು ನೇರವಾಗಿ ತುಂಬುವುದು ದೊಡ್ಡ ತಪ್ಪು. ಗಡಸು ನೀರಿನ ಕ್ಯಾಲ್ಸಿಯಂ ಈ ಉಪ್ಪಿನ ಸಲ್ಫೇಟ್ ಜೊತೆ ಕೂಡಿ ಜಿಪ್ಸಂ ಆಗಿ ಕೂರುತ್ತದೆ. ತಳ ಮರಳುಕಾಗದದಂತೆ ತರಿತರಿಯಾಗುತ್ತದೆ, ಪೈಪಿನ ಒಳಗೋಡೆಯಲ್ಲಿ ಬಿಳಿ ಪದರ ಬೆಳೆಯುತ್ತದೆ. ಆರ್‌ಒ ನೀರು ತುಂಬಿದರೆ ಈ ತಾಪತ್ರಯವಿಲ್ಲ. ಅಗ್ಗವೆಂದು ಗೊಬ್ಬರದ ದರ್ಜೆಯ ಉಪ್ಪು ಸುರಿದರೆ ಅದರಲ್ಲಿರಬಹುದಾದ ಕಬ್ಬಿಣ, ಮಣ್ಣಿನಂಶದಿಂದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಔಷಧ ದರ್ಜೆಯದನ್ನೇ ತರಿಸಬೇಕು.

ಚಳಿಯ ದೂರಿಗೆ ಕಾರಣ ಅರ್ಧ ಡಿಗ್ರಿ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚುರುಕಾಗಿ ಶಾಖ ಸಾಗಿಸುತ್ತದೆ. ಆದ್ದರಿಂದ ಕೋಣೆಯಲ್ಲಿ ಲೆಕ್ಕಕ್ಕೇ ಬಾರದ ವ್ಯತ್ಯಾಸ ತೊಟ್ಟಿಯಲ್ಲಿ ಅಲುಗಾಡದೆ ಮಲಗಿದವರಿಗೆ ಇಪ್ಪತ್ತು ನಿಮಿಷದಲ್ಲಿ ತಿಳಿಯುತ್ತದೆ. ನೀರು 34.5ರಿಂದ 35.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಚರ್ಮದ ಉಷ್ಣತೆಯೂ ಅಷ್ಟೇ, ಹಾಗಾಗಿ ನೀರು ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಎಂಬ ಗೆರೆ ಅಳಿಸಿಹೋಗುತ್ತದೆ. ಬಿಸಿನೀರಿನ ಸ್ನಾನದ ಲೆಕ್ಕದಲ್ಲಿ 37ಕ್ಕೆ ಏರಿಸಿದರೆ ಹಣೆ ಬೆವರಿ, ಸೆಕೆಯಾಗಿ, ತಲೆ ಭಾರವಾಗುತ್ತದೆ. ನೀರಿನ ಉಷ್ಣತೆ ಸರಿಯಿದ್ದೂ ಎದೆ, ಹೊಟ್ಟೆ ತಣ್ಣಗಾದರೆ ತೊಟ್ಟಿಯೊಳಗಿನ ಗಾಳಿ ತಣ್ಣಗಿದೆ ಎಂದರ್ಥ. ಮುಚ್ಚಳ ತೆರೆದಿಟ್ಟ ಎ.ಸಿ. ಕೋಣೆಯಲ್ಲಿ ಆಗುವುದು ಇದೇ. ಹೀಟರ್ ಕೆಟ್ಟು ರಾತ್ರಿಯಿಡೀ ನೀರು ಆರಿದರೆ ಇನ್ನೊಂದು ಪೀಡೆ: ಇಷ್ಟು ಗಟ್ಟಿ ದ್ರಾವಣ ತಣ್ಣಗಾದಾಗ ಹೆಚ್ಚಾದ ಉಪ್ಪು ಹರಳುಗಟ್ಟಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ, ಪಂಪಿನ ಸೀಲನ್ನು ಕೊರೆದು ಹಾಕುತ್ತದೆ.

ಈಗ ಗ್ರಾಹಕರ ಕಡೆಯ ತಯಾರಿ. ಅದೇ ದಿನ ಶೇವಿಂಗ್, ವ್ಯಾಕ್ಸಿಂಗ್ ಬೇಡ. ಉಗುರು ಸಂದಿಯ ಗೀರೂ ಉರಿಯುತ್ತದೆ. ಸಣ್ಣ ಗೀರಿದ್ದರೆ ಅದರ ಮೇಲೆ ದಪ್ಪಗೆ ವ್ಯಾಸಲೀನ್ ಹಚ್ಚಬೇಕು. ಕಾಫಿ ಕುಡಿದು ಮೂರ್ನಾಲ್ಕು ಗಂಟೆಯಾದರೂ ಆಗಿರಲಿ. ಹೊಟ್ಟೆ ತುಂಬ ಉಂಡು ಹೋದರೆ ತೇಗು, ಬರೀ ಹೊಟ್ಟೆಯಲ್ಲಿ ಹೋದರೆ ಹೊಟ್ಟೆಯ ಗುಡುಗುಡು ಸದ್ದೇ ಆ ನಿಶ್ಶಬ್ದದಲ್ಲಿ ದೊಡ್ಡದಾಗಿ ಕೇಳುತ್ತದೆ. ಗಂಟೆ, ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಸಾಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದವರು ಎರಡು ಸಲ ಶಾಂಪೂ ಹಾಕಿ ತೊಳೆಯಲೇಬೇಕು. ಆ ಎಣ್ಣೆ ಫಿಲ್ಟರಿಗೆ ಜಿಡ್ಡಾಗಿ ಅಂಟುತ್ತದೆ, ನೀರಿಗೆ ಹಾಕಿದ ಕ್ರಿಮಿನಾಶಕವನ್ನೂ ತಿಂದುಹಾಕುತ್ತದೆ. ಹೊಸದಾಗಿ ಹೇರ್ ಡೈ ಅಥವಾ ಮದರಂಗಿ ಹಾಕಿಸಿಕೊಂಡವರು ತೊಳೆದ ನೀರು ಬಣ್ಣವಿಲ್ಲದೆ ಬರುವವರೆಗೆ ಕಾಯಲಿ. ಕಾಂಟ್ಯಾಕ್ಟ್ ಲೆನ್ಸ್, ಉಂಗುರ, ಸರ ಎಲ್ಲ ಹೊರಗೆ.

ಕಿವಿಯ ಪ್ಲಗ್ ಹಾಕಿಕೊಳ್ಳಬೇಕಾದ್ದು ಶವರಿಗೆ ಮುಂಚೆ. ಮೇಣದ, ಸಿಲಿಕೋನಿನ ಪ್ಲಗ್‌ಗಳು ಒಣ ಚರ್ಮಕ್ಕೆ ಮಾತ್ರ ಅಂಟುತ್ತವೆ; ಒದ್ದೆ ಕಿವಿಗೆ ಒತ್ತಿದರೆ ಹತ್ತು ನಿಮಿಷದಲ್ಲಿ ಕಳಚಿಕೊಳ್ಳುತ್ತವೆ, ಒಳಹೊಕ್ಕ ನೀರು ಆರಿ ಮರುದಿನ ಕಿವಿಯಲ್ಲಿ ಹರಳು ಗರಗರ ಎನ್ನುತ್ತದೆ. ಕಣ್ಣುರಿಯ ಕಥೆ ಇನ್ನೂ ಸರಳ. ಶವರಿನಿಂದ ಬಂದು ಮುಖ ಒರೆಸದೆ ಮಲಗುತ್ತಾರೆ. ಹಣೆಯ ಮೇಲೆ ಉಳಿದ ಒಂದು ಹನಿ ನಿಧಾನವಾಗಿ ಹುಬ್ಬಿನತ್ತ ಜಾರುತ್ತದೆ, ತುರಿಸುತ್ತದೆ, ತೊಟ್ಟಿಯಲ್ಲಿದ್ದ ಕೈ ಅರಿವಿಲ್ಲದೆ ಮೇಲೆದ್ದು ಉಜ್ಜುತ್ತದೆ. ಹನಿ ಬರೀ ಸಿಹಿನೀರು. ಉಪ್ಪು ತಂದದ್ದು ಕೈ. ಆದ್ದರಿಂದ ಮುಖವನ್ನು ಕೂದಲಂಚಿನವರೆಗೆ ಪೂರ್ತಿ ಒಣಗಿಸಿಯೇ ಇಳಿಯಬೇಕು. ಕೈಗೆಟಕುವಲ್ಲಿ ಸಿಹಿನೀರಿನ ಸ್ಪ್ರೇ ಬಾಟಲಿ, ಒಣ ಟವೆಲ್ ಇದೆಯೇ ಎಂದು ಬೆಳಕಿರುವಾಗಲೇ ನೋಡಿಕೊಳ್ಳಿ.

ಒಳಗೆ ಮೊದಲು ಕೂತು, ಅಂಚು ಹಿಡಿದು, ನಿಧಾನವಾಗಿ ಹಿಂದಕ್ಕೆ ಒರಗಬೇಕು. ಉಪ್ಪುನೀರು ಎಣ್ಣೆಯಂತೆ ಜಾರುತ್ತದೆ. ಎರಡೂ ಕೈಯಿಂದ ಗೋಡೆ ಮುಟ್ಟಿ ಮೈ ಅಲುಗಾಟ ನಿಲ್ಲಿಸಿ, ಆಮೇಲೆ ಕೈ ಬಿಡಿ. ಇಲ್ಲದಿದ್ದರೆ ಕಾಲು ಒಮ್ಮೆ ಆ ಗೋಡೆಗೆ, ತಲೆ ಒಮ್ಮೆ ಈ ಗೋಡೆಗೆ ತಾಗುತ್ತಲೇ ಇರುತ್ತದೆ. ಕತ್ತು ಬಿಗಿಯಾದರೆ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ನೋಡಿ, ಭುಜ ಸಡಿಲಾಗುತ್ತದೆ. ಆಗಲೂ ಆಗದಿದ್ದರೆ ತಲೆಗೆ ಫೋಮ್ ರಿಂಗ್ ಕೇಳಿ, ಅದರಲ್ಲಿ ಸಂಕೋಚವೇನೂ ಇಲ್ಲ. ಮೊದಲ ಹತ್ತು ಹದಿನೈದು ನಿಮಿಷ ಚಡಪಡಿಕೆ ಸಹಜ. ಮುಚ್ಚಿದ ಜಾಗದ ಭಯವಿರುವವರು ಮುಚ್ಚಳ ತೆರೆದು, ದೀಪ ಹಚ್ಚಿಕೊಂಡೇ ತೇಲಬಹುದು. ಮುಚ್ಚಳಕ್ಕೆ ಬೀಗವಿರಕೂಡದು, ಒಳಗಿನಿಂದ ಒಂದು ಕೈಯಲ್ಲಿ ತಳ್ಳಿದರೆ ತೆರೆಯಬೇಕು. ಅದನ್ನು ನೀವೇ ಎರಡು ಸಲ ತೆರೆದು ನೋಡಿ ಮಲಗಿ.

ಇಷ್ಟೆಲ್ಲ ಗ್ರಾಹಕರ ಕೈಯಲ್ಲಿದೆ. ಅವರ ಕಣ್ಣಿಗೆ ಬೀಳದೇ ಇರುವುದು ನೀರಿನ ಶೋಧನೆ, ಅಂದರೆ ಸೋಸುವ ಕೆಲಸ, ನಮ್ಮ ನಿಜವಾದ ಕಳವಳವೂ ಅದೇ. ‘ಇಷ್ಟು ಉಪ್ಪಿನಲ್ಲಿ ಯಾವ ಕ್ರಿಮಿಯೂ ಬದುಕಲ್ಲ’ ಎಂದು ಕೆಲವು ಕಡೆ ಹೇಳಿಬಿಡುತ್ತಾರೆ. ಅದು ಪೂರ್ತಿ ನಿಜವಲ್ಲ. ಉಪ್ಪು ಬಹಳಷ್ಟು ಸೂಕ್ಷ್ಮಜೀವಿಗಳ ಬೆಳವಣಿಗೆ ತಡೆಯುತ್ತದೆ, ಆದರೆ ಎಲ್ಲವನ್ನೂ ಕೊಲ್ಲುವುದಿಲ್ಲ. ಬೆವರು, ಕೂದಲು, ಚರ್ಮದ ಪುಡಿಯನ್ನಂತೂ ತೆಗೆಯುವುದಿಲ್ಲ. ಒಬ್ಬರು ಎದ್ದ ಮೇಲೆ ನೀರನ್ನು ಚೆಲ್ಲಿ ಹೊಸದು ತುಂಬುವುದಿಲ್ಲ, ಅಷ್ಟು ಉಪ್ಪು ಚೆಲ್ಲಲು ಯಾರಿಗೂ ಸಾಧ್ಯವಿಲ್ಲ. ಅದೇ ನೀರನ್ನು ಪಂಪ್ ಎಳೆದು, ಕಾರ್ಟ್ರಿಜ್ ಫಿಲ್ಟರ್, ನೇರಳಾತೀತ ದೀಪ ದಾಟಿಸಿ ಮರಳಿ ಬಿಡುತ್ತದೆ.

ಇಲ್ಲಿ ಒಂದು ಲೆಕ್ಕ ನೋಡಬೇಕು. ಸಾವಿರ ಲೀಟರಿನ ತೊಟ್ಟಿ, ಗಂಟೆಗೆ 4,000 ಲೀಟರ್ ಎಳೆಯುವ ಪಂಪ್ ಎಂದುಕೊಳ್ಳಿ. ಹದಿನೈದು ನಿಮಿಷಕ್ಕೆ ಸಾವಿರ ಲೀಟರ್ ಫಿಲ್ಟರ್ ದಾಟುತ್ತದೆ, ಇದು ಒಂದು ಸುತ್ತು. ಹಾಗೆಂದು ತೊಟ್ಟಿಯ ನೀರೆಲ್ಲ ಶುದ್ಧವಾಯಿತು ಎಂದಲ್ಲ, ಯಾಕೆಂದರೆ ಶೋಧಿಸಿದ ನೀರು ತೊಟ್ಟಿಗೇ ಬಂದು ಶೋಧಿಸದ ನೀರಿನ ಜೊತೆ ಬೆರೆಯುತ್ತದೆ. ಒಂದು ಸುತ್ತಿಗೆ ವಾಸ್ತವವಾಗಿ ಫಿಲ್ಟರ್ ಕಂಡದ್ದು ಸುಮಾರು ಶೇ 63 ನೀರು. ಎರಡಕ್ಕೆ ಶೇ 86, ಮೂರಕ್ಕೆ ಶೇ 95, ನಾಲ್ಕಕ್ಕೆ ಶೇ 98. ಆದ್ದರಿಂದಲೇ ಇಬ್ಬರು ಗ್ರಾಹಕರ ನಡುವೆ ಕನಿಷ್ಠ ಮೂರು ಸುತ್ತು ಬೇಕು. ಈ ಪಂಪಿನಲ್ಲಿ ಅದಕ್ಕೆ 45 ನಿಮಿಷ. ಬುಕಿಂಗ್ ಪಟ್ಟಿಯಲ್ಲಿ 10 ಗಂಟೆಗೆ ಒಬ್ಬರು, 11.15ಕ್ಕೆ ಇನ್ನೊಬ್ಬರು ಇದ್ದರೆ, ನಡುವೆ ಸಿಗುವುದು ಒಂದೇ ಸುತ್ತು; ಎರಡನೆಯವರು ಇಳಿಯುವ ನೀರಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಮೊದಲನೆಯವರದ್ದೇ. ನಡುವೆ ಕರೆಂಟ್ ಹೋಗಿ ಪಂಪ್ ನಿಂತರೆ ಆ ಹೊತ್ತನ್ನೂ ಸೇರಿಸಿಕೊಂಡು ಮುಂದಿನವರನ್ನು ಕಾಯಿಸಬೇಕು, ಬೇರೆ ದಾರಿಯಿಲ್ಲ. ಫಿಲ್ಟರಿನಲ್ಲಿ ಜಿಡ್ಡು ಕಟ್ಟಿದರೆ ಪಂಪಿನ ಮೇಲೆ ಬರೆದ 4,000 ಲೀಟರ್ ನಿಜದಲ್ಲಿ ಅರ್ಧಕ್ಕೆ ಇಳಿದಿರಬಹುದು. ನೇರಳಾತೀತ ದೀಪ ನೀಲಿಯಾಗಿ ಉರಿಯುತ್ತಿದ್ದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎನ್ನಲಾಗದು; ಸಾಮಾನ್ಯ ದೀಪಗಳಿಗೆ ಸುಮಾರು 9,000 ಗಂಟೆಯ ಆಯುಷ್ಯ, ಆಮೇಲೆ ಬೆಳಕು ಉಳಿದರೂ ಕ್ರಿಮಿ ಕೊಲ್ಲುವ ಶಕ್ತಿ ಕುಂದಿರುತ್ತದೆ. ಕ್ರಿಮಿನಾಶಕಗಳಾದ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕ್ಲೋರಿನ್ ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ಕೆಡಿಸುತ್ತವೆ. ‘ಎರಡೂ ಹಾಕುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವ ಕಡೆ ಎರಡೂ ಇಲ್ಲದಂತೆಯೇ.

ಈ ವಿಷಯಕ್ಕೆ ಹಳೆಯ ಪಾಠವೂ ಇದೆ. ಅಮೆರಿಕದ ನರವಿಜ್ಞಾನಿ ಜಾನ್ ಲಿಲ್ಲಿ 1954ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಶುರುಮಾಡಿದ ಪ್ರಯೋಗದಲ್ಲಿ ಉಪ್ಪೂ ಇರಲಿಲ್ಲ. ಮುಖವಾಡದ ಮೂಲಕ ಉಸಿರಾಡುತ್ತ ಸಿಹಿನೀರಿನಲ್ಲಿ ಮುಳುಗಿರಬೇಕಿತ್ತು. 1970ರ ದಶಕದಲ್ಲಿ ಗ್ಲೆನ್ ಪೆರ‍್ರಿ ಸಾಮಾನ್ಯರಿಗೂ ಆಗುವಂಥ ತೊಟ್ಟಿ ಮಾಡಿದ ಮೇಲೆ ಅಲ್ಲಿ ಕೇಂದ್ರಗಳು ಹಬ್ಬಿದವು. 1980ರ ದಶಕದಲ್ಲಿ ಏಡ್ಸ್ ಭಯ ಹರಡಿದಾಗ ಬೇರೆಯವರು ಇಳಿದ ನೀರೆಂದರೆ ಜನ ಹಿಂಜರಿದರು, ಅನೇಕ ಕೇಂದ್ರಗಳು ಮುಚ್ಚಿದವು. ಆ ಭಯಕ್ಕೆ ವಿಜ್ಞಾನದ ಆಧಾರವಿರಲಿಲ್ಲ. ಆದರೂ ನೀರಿನ ಮೇಲಿನ ನಂಬಿಕೆ ಒಮ್ಮೆ ಹೋದರೆ ಮರಳಿ ಬರಲು ದಶಕಗಳು ಬೇಕಾದವು.

ಜಾಹೀರಾತಿನ ಮಾತುಗಳಲ್ಲೂ ಹಿಡಿತವಿರಲಿ. ಅಮೆರಿಕದ ಟಲ್ಸಾದಲ್ಲಿ ನರಮನೋವಿಜ್ಞಾನಿ ಜಸ್ಟಿನ್ ಫೈನ್‌ಸ್ಟೀನ್ ತಂಡ 50 ಮಂದಿ ಆತಂಕದ ತೊಂದರೆಯುಳ್ಳವರನ್ನು ಒಂದು ಗಂಟೆ ತೇಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಹೊತ್ತಿನ ಆತಂಕ ಚೆನ್ನಾಗಿಯೇ ಇಳಿದಿತ್ತು. ಅದು ಒಂದು ಸಲದ ತೇಲುವಿಕೆಯ ಫಲ. ರೋಗ ವಾಸಿಯಾಯಿತೆಂದು ಅವರೂ ಹೇಳಿಲ್ಲ. ಚರ್ಮದ ಮೂಲಕ ಮೆಗ್ನೀಷಿಯಂ ಮೈಗೆ ಸೇರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ, ‘ವಿಷ ಹೊರಹೋಗುತ್ತದೆ’ ಎಂಬುದು ಬರೀ ಮಾತು. ಔಷಧಿಗೆ ಹತೋಟಿಗೆ ಬಾರದ ಮೂರ್ಛೆರೋಗ, ತೆರೆದ ಗಾಯ, ಭೇದಿ, ತೂತಾದ ಕಿವಿತಮಟೆ ಇರುವವರನ್ನು, ಕುಡಿದು ಬಂದವರನ್ನು ಇಳಿಸಲೇಬಾರದು. ಮೂತ್ರಪಿಂಡದ ತೊಂದರೆಯವರು, ಗರ್ಭಿಣಿಯರು, ರಕ್ತದೊತ್ತಡ ಕಡಿಮೆ ಇರುವವರು ವೈದ್ಯರನ್ನು ಕೇಳಿ ಬರಲಿ. ಯಾರೇ ಆಗಲಿ, ಮುಗಿದ ಮೇಲೆ ಎರಡು ನಿಮಿಷ ತೊಟ್ಟಿಯಲ್ಲೇ ಕೂತು ಏಳಬೇಕು. ಥಟ್ಟನೆ ನಿಂತರೆ ತಲೆ ಸುತ್ತುತ್ತದೆ, ಕಾಲಡಿ ಜಾರುತ್ತದೆ. ಸ್ಕೂಟರ್ ಏರುವ ಮುನ್ನ ಕಾಲು ಗಂಟೆ ಕುಳಿತು ನೀರು ಕುಡಿಯಿರಿ.

ಸ್ಪಾ ನಡೆಸುವವರಲ್ಲಿ ನಮ್ಮ ಬೇಡಿಕೆ ಒಂದೇ. ತೊಟ್ಟಿಯ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ: ಇಂದಿನ ಉಷ್ಣತೆ, ಸಾಪೇಕ್ಷ ಸಾಂದ್ರತೆ, ಪಿಎಚ್ (7.2ರಿಂದ 7.8), ಕ್ರಿಮಿನಾಶಕದ ಅಳತೆ, ಹಿಂದಿನ ಗ್ರಾಹಕರು ಎದ್ದ ಹೊತ್ತು, ಪಂಪ್ ಓಡಿದ ನಿಮಿಷ, ಫಿಲ್ಟರ್ ಬದಲಿಸಿದ ದಿನಾಂಕ. ಬರೆದವರ ಸಹಿ ಇರಲಿ. ಗ್ರಾಹಕರು ಹಣ ಕೊಡುವ ಮುನ್ನ ಆ ಹಾಳೆ ತೋರಿಸಿ ಎಂದು ಕೇಳಲಿ. ಹಾಳೆ ಇಲ್ಲವೆಂದರೆ ತೊಟ್ಟಿಯ ನೀರಿನಂಚಿನ ಗೆರೆಯ ಮೇಲೆ ಬೆರಳು ಆಡಿಸಿ ನೋಡಲಿ. ಬಿಳಿ ಹರಳು ತಾಗಿದರೆ ಅದು ಉಪ್ಪು, ಚಿಂತೆಯಿಲ್ಲ. ಲೋಳೆ ತಾಗಿದರೆ ಬಟ್ಟೆ ಬಿಚ್ಚುವ ಮುಂಚೆಯೇ ಹಿಂತಿರುಗಲಿ.

ಇಂತಿ,
ಫ್ಲೋಟ್ ಟ್ಯಾಂಕ್ ಅಳವಡಿಕೆ, ನಿರ್ವಹಣೆಯ ಕೆಲಸದವರು
ಬೆಂಗಳೂರು