ಸವಾರಿಯಲ್ಲಿ ಪಾಠ ಎಷ್ಟು, ಆಟ ಎಷ್ಟು?

ಥೀಮ್ ಪಾರ್ಕ್ ಎಂದೊಡನೆ ನಮ್ಮ ಸಂಘದ ಹಿರಿಯರಲ್ಲಿ ಅನೇಕರಿಗೆ ಕಿರುಚಾಟ, ಮುಗಿಯದ ಸರತಿ ಸಾಲು ಮತ್ತು ಹಗುರಾಗುವ ಕಿಸೆ ಮಾತ್ರ ನೆನಪಿಗೆ ಬರುತ್ತವೆ. ಆದರೆ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1982ರ ಅಕ್ಟೋಬರ್ 1ರಂದು ಎಪ್ಕಾಟ್ ಎಂಬ ಥೀಮ್ ಪಾರ್ಕ್ ತೆರೆದಾಗ, ಇಂಧನ, ಸಾರಿಗೆ, ಕೃಷಿ, ಸಂವಹನದಂತಹ ಗಂಭೀರ ವಿಷಯಗಳನ್ನು ಸವಾರಿಗಳ ಮೂಲಕ ಜನಸಾಮಾನ್ಯರಿಗೆ ತಿಳಿಸಬೇಕೆಂಬ ಹಂಬಲ ಅದರ ಹಿಂದಿತ್ತು. ಈಚೆಗೆ ಸಂಘದ ಕೆಲವು ಕುಟುಂಬಗಳೊಡನೆ ಅಲ್ಲಿ ಇಡೀ ದಿನ ಕಳೆದು ಬಂದ ಮೇಲೆ, ಆ ಹಂಬಲ ಎಲ್ಲಿ ಇನ್ನೂ ಜೀವಂತವಾಗಿದೆ, ಎಲ್ಲಿ ಹೆಸರಿಗಷ್ಟೇ ಉಳಿದಿದೆ ಎಂಬುದನ್ನು ಓದುಗರ ಮುಂದಿಡಬೇಕೆನಿಸಿತು.

ದ್ವಾರದ ಬಳಿಯೇ ನಿಂತಿರುವ ಬೃಹತ್ ಗೋಳದೊಳಗಿನ ಸವಾರಿಗೆ ಸ್ಪೇಸ್‌ಶಿಪ್ ಅರ್ಥ್ ಎಂದು ಹೆಸರು. ಗುಹೆಯ ಗೋಡೆಯ ಚಿತ್ರಗಳಿಂದ ಹಿಡಿದು ಪಪೈರಸ್ ಎಂಬ ಜೊಂಡಿನ ಹಾಳೆ, ಫಿನೀಷಿಯನ್ನರ ಅಕ್ಷರಮಾಲೆ, ಗುಟೆನ್‌ಬರ್ಗ್‌ನ ಮುದ್ರಣಯಂತ್ರ, ತಂತಿ, ದೂರವಾಣಿಗಳನ್ನು ದಾಟಿ ಗಣಕಯಂತ್ರದವರೆಗೆ ಸುಮಾರು 15 ನಿಮಿಷಗಳಲ್ಲಿ ನಮ್ಮನ್ನು ಕರೆದೊಯ್ಯುವ ಈ ಯಾನ ಸೊಗಸಾಗಿದೆ. ಆದರೂ ಅಲ್ಲಿ ಕಾಣುವುದೆಲ್ಲ ಚಲಿಸುವ ಬೊಂಬೆಗಳು, ಕೇಳುವುದು ಅವುಗಳ ಕುರಿತ ನಿರೂಪಣೆ. ನಮ್ಮ ಮಟ್ಟಿಗೆ ಒಳಗಿನ ಕಥೆಗಿಂತ ಹೊರಗಿನ ಕಟ್ಟಡವೇ ಹೆಚ್ಚು ಕಲಿಸಿತು. ಸುಮಾರು 180 ಅಡಿ ಎತ್ತರದ ಆ ಗೋಳದ ಮೈಯನ್ನು 11,324 ತ್ರಿಕೋನಗಳು ರೂಪಿಸಿವೆ. ಮಳೆ ಸುರಿದರೆ ನೀರು ಕೆಳಗೆ ನಿಂತವರ ತಲೆಯ ಮೇಲೆ ಧಾರೆಯಾಗಿ ಇಳಿಯುವುದಿಲ್ಲ. ಫಲಕಗಳ ನಡುವಿನ ಸಂದುಗಳಿಂದ ಒಳಸೇರಿ, ಮರೆಯಲ್ಲಿರುವ ಕಾಲುವೆಗಳ ಮೂಲಕ ಉದ್ಯಾನದ ಸರೋವರಕ್ಕೆ ಹರಿದುಹೋಗುತ್ತದೆ. ಇದನ್ನು ತಿಳಿದ ಮಕ್ಕಳು ಗೋಳದ ಕೆಳಗೆ ಕತ್ತೆತ್ತಿ ನಿಂತು ಸಂದುಗಳನ್ನು ಹುಡುಕತೊಡಗಿದರು. ಅವರನ್ನು ಅಲ್ಲಿಂದ ಕದಲಿಸುವುದೇ ಕಷ್ಟವಾಯಿತು.

ಆ ದಿನದ ಸಾರವೆಲ್ಲ ಇದ್ದುದು ಲಿವಿಂಗ್ ವಿತ್ ದ ಲ್ಯಾಂಡ್ ಎಂಬ ದೋಣಿ ಸವಾರಿಯಲ್ಲಿ. ಮಳೆಕಾಡು, ಮರುಭೂಮಿ, ಹುಲ್ಲುಗಾವಲಿನ ಕೃತಕ ದೃಶ್ಯಗಳು ಮುಗಿದು ದೋಣಿ ಗಾಜಿನ ಹಸಿರುಮನೆಯನ್ನು ಪ್ರವೇಶಿಸಿದೊಡನೆ ಎಲ್ಲವೂ ನಿಜವಾಗುತ್ತದೆ: ನಿಜವಾದ ಎಲೆ, ನಿಜವಾದ ಕಾಯಿ, ಕೈಗವಸು ತೊಟ್ಟು ದುಡಿಯುತ್ತಿರುವ ನಿಜವಾದ ಮನುಷ್ಯರು. ಕೆಲವು ಬೆಳೆಗಳು ಮರಳಿನಲ್ಲಿವೆ, ಕೆಲವು ಪೋಷಕಾಂಶ ಬೆರೆತ ನೀರಿನಲ್ಲಿ ಬೇರಿಳಿಸಿವೆ. ಇನ್ನು ಕೆಲವು ಗಿಡಗಳು ಬೇರುಗಳನ್ನು ಬಯಲಿಗೆ ಬಿಟ್ಟುಕೊಂಡು ಮೇಲಿನ ಚಲಿಸುವ ಪಟ್ಟಿಗೆ ತೂಗಿಕೊಂಡಿರುತ್ತವೆ. ಅವು ಸಾಲಾಗಿ ಒಂದು ಪೆಟ್ಟಿಗೆಯೊಳಗೆ ಹಾದುಹೋಗುವಾಗ ಬೇರಿಗೆ ನೀರೂ ಗೊಬ್ಬರವೂ ತುಂತುರಾಗಿ ಬೀಳುತ್ತವೆ. ಬೇರು ಮಣ್ಣಿನಲ್ಲಿದ್ದರೆ ಮಾತ್ರ ಗಿಡ ಬದುಕುತ್ತದೆಂದು ತಿಳಿದಿದ್ದ ಮಗುವಿಗೆ, ಬೇರು ಬಯಸುವುದು ನೀರು, ಗಾಳಿ ಮತ್ತು ಲವಣಗಳನ್ನು ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸಲು ಸಾಧ್ಯವಿಲ್ಲ. ಚಪ್ಪರದಂತೆ ಹಬ್ಬಿಸಿದ ಟೊಮೆಟೊ ಬಳ್ಳಿಯಿಂದ ಗೊಂಚಲುಗಳು ಇಳಿಬಿದ್ದಿರುವುದನ್ನೂ ಇಲ್ಲಿ ಕಾಣಬಹುದು. ಹಿಂದೊಮ್ಮೆ ಇಲ್ಲಿನ ಇಂತಹ ಒಂದೇ ಗಿಡ 32,000ಕ್ಕೂ ಹೆಚ್ಚು ಹಣ್ಣುಗಳನ್ನು ಕೊಟ್ಟು ದಾಖಲೆ ಮಾಡಿತ್ತು. ಎಳೆಯ ಕುಂಬಳಕಾಯಿಗೆ ಅಚ್ಚು ತೊಡಿಸಿ ಮಿಕ್ಕಿ ಮೌಸ್ ಆಕಾರದಲ್ಲಿ ಬೆಳೆಸುವುದು ಮಾತ್ರ ಅಪ್ಪಟ ವ್ಯಾಪಾರಿ ಬುದ್ಧಿ, ಆದರೆ ಮಕ್ಕಳು ಅದನ್ನೂ ಮನಸಾರೆ ಮೆಚ್ಚಿದರು. ಮೀನು ಸಾಕಣೆಯ ತೊಟ್ಟಿಗಳನ್ನು ಸುತ್ತಿ ಹೊರಬರುವ ದೋಣಿ ಎಲ್ಲಿಯೂ ಅವಸರಪಡುವುದಿಲ್ಲ. ನೋಡಲು, ಬೆರಳು ಮಾಡಿ ತೋರಿಸಲು, ಪಕ್ಕದಲ್ಲಿರುವವರನ್ನು ಕೇಳಲು ಬೇಕಾದಷ್ಟು ಸಮಯ ಸಿಗುತ್ತದೆ.

ವೇಗವಿದ್ದರೆ ಪಾಠವಿರುವುದಿಲ್ಲವೆಂದು ಇದರ ಅರ್ಥವಲ್ಲ. 2003ರಲ್ಲಿ ತೆರೆದ ಮಿಷನ್ ಸ್ಪೇಸ್‌ನ ಕಿತ್ತಳೆ ಬಣ್ಣದ ವಿಭಾಗದಲ್ಲಿ ನಾಲ್ವರು ಕೂರುವ ಕೋಶವನ್ನು ವರ್ತುಲಾಕಾರವಾಗಿ ತಿರುಗಿಸಿ, ರಾಕೆಟ್ ಮೇಲೇರುವಾಗ ಮೈಮೇಲೆ ಬೀಳುವ ಭಾರವನ್ನು ಉಂಟುಮಾಡುತ್ತಾರೆ. ಕಣ್ಣು ಮುಚ್ಚಬೇಡಿ, ತಲೆ ಹೊರಳಿಸಬೇಡಿ ಎಂದು ಅಲ್ಲಿ ಪದೇ ಪದೇ ಎಚ್ಚರಿಸುವುದಕ್ಕೆ ಕಾರಣವಿದೆ: ತಿರುಗುತ್ತಿರುವುದು ಕಣ್ಣಿಗೆ ತಿಳಿಯದಿದ್ದರೂ, ತಲೆ ಹೊರಳಿದೊಡನೆ ಒಳಗಿವಿಯ ದ್ರವಕ್ಕೆ ತಿಳಿದುಬಿಡುತ್ತದೆ, ಆಗ ಹೊಟ್ಟೆ ತೊಳಸುತ್ತದೆ. ಎಚ್ಚರಿಕೆಯನ್ನು ಲೆಕ್ಕಿಸದೆ ಗೆಳೆಯನತ್ತ ತಿರುಗಿ ನಕ್ಕ ನಮ್ಮ ಒಬ್ಬ ಹುಡುಗ, ಹೊರಬಂದು ಬೆಂಚಿನ ಮೇಲೆ ಕುಳಿತು ಈ ಭೌತಶಾಸ್ತ್ರವನ್ನು ಬಹಳ ಹೊತ್ತು ಅನುಭವಿಸಿದ. ತಿರುಗದ ಹಸಿರು ವಿಭಾಗವೂ ಇದೆ. ಹಿರಿಯರು ಅದನ್ನೇ ಆರಿಸಿಕೊಳ್ಳುವುದು ಲೇಸು.

ವಿಷಾದದ ಸಂಗತಿಯೆಂದರೆ, ಇಂತಹ ಸವಾರಿಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಇಂಧನವನ್ನು ಕುರಿತ ಸವಾರಿ 2017ರಲ್ಲಿ ಮುಚ್ಚಿತು; ಆ ಜಾಗದಲ್ಲಿ ಈಗ ಚಲನಚಿತ್ರದ ನಾಯಕರನ್ನು ಆಧರಿಸಿದ ರೋಲರ್ ಕೋಸ್ಟರ್ ಇದೆ. ಸಾಗರ ವಿಭಾಗದ ಸವಾರಿಯೂ ಕಾರ್ಟೂನ್ ಮೀನಿನ ಪಾಲಾಗಿದೆ. ಆದರೆ ಸವಾರಿಯಿಂದ ಇಳಿದ ಬಳಿಕ ಎದುರಾಗುವ, ಎರಡು ಕೋಟಿ ಲೀಟರಿಗೂ ಹೆಚ್ಚು ನೀರಿರುವ ಜಲಾಗಾರದ ಮುಂದೆ ನಿಂತ ಮಕ್ಕಳು ಕಾರ್ಟೂನನ್ನು ಮರೆತು ನಿಜವಾದ ಕಡಲಾಮೆಯ ಹಿಂದೆ ಕಣ್ಣೋಡಿಸುತ್ತಿದ್ದರು. ಜೀವಂತ ವಸ್ತುವನ್ನು ಕಣ್ಣೆದುರಿಗಿಟ್ಟರೆ ಸಾಲದು, ಸಿನಿಮಾದ ಆಕರ್ಷಣೆಯೂ ಬೇಕು ಎಂದು ಉದ್ಯಾನದವರು ಭಾವಿಸಿರುವುದು ಮಕ್ಕಳ ಕುತೂಹಲವನ್ನು ಕಡಿಮೆ ಅಂದಾಜು ಮಾಡಿದಂತೆ ಎಂಬುದು ನಮ್ಮ ಅನಿಸಿಕೆ.

ಮುಂದೆ ಹೋಗುವ ಸದಸ್ಯರಿಗೆ ಒಂದು ಸಲಹೆ. ದೋಣಿಯಲ್ಲಿ ಕಂಡ ಹಸಿರುಮನೆಗಳೊಳಗೆ ನಡೆದೇ ನೋಡುವ, ಮಾರ್ಗದರ್ಶಕರೊಡನೆ ಸುಮಾರು ಒಂದು ಗಂಟೆ ಸಾಗುವ ಪ್ರವಾಸವೂ ಉಂಟು. ಅದಕ್ಕೆ ಬೇರೆ ಶುಲ್ಕವಿದ್ದು, ಮುಂಗಡವಾಗಿ ಕಾಯ್ದಿರಿಸುವುದು ಒಳ್ಳೆಯದು. ಮೊದಲು ದೋಣಿಯಲ್ಲಿ ಸಾಗಿ, ಮಕ್ಕಳ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಆ ಮೇಲೆ ಈ ಪ್ರವಾಸಕ್ಕೆ ಹೋದರೆ ಉತ್ತರಿಸಬಲ್ಲವರೇ ಎದುರಿಗೆ ಸಿಗುತ್ತಾರೆ. ಈ ಬಾರಿ ಬಂದಿದ್ದ ಮಕ್ಕಳು ಬರೆದ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಪ್ರಕಟಿಸಲಿದ್ದೇವೆ. ಇನ್ನೂ ಕಳುಹಿಸದವರು ದಯವಿಟ್ಟು ತಿಂಗಳ ಕೊನೆಯೊಳಗೆ ತಲುಪಿಸಬೇಕು.